ಸಾವಿರ ಸಲ ಅದೇ ಫಸಲು

ದಾವಣಗೆರೆ ಸುತ್ತ ಮೆಕ್ಕೆಜೋಳಕ್ಕೆ ಎರಡು ಬಗೆಯ ಗೊಬ್ಬರ ಹಾಕಿ ಹೋಲಿಸಬೇಕಿತ್ತು. ಎಷ್ಟು ಹೊಲ ಬೇಕು ಅನ್ನೋದೇ ಪ್ರಶ್ನೆ. ಹೊಲಕ್ಕಿಳಿಯುವ ಮುಂಚೆ ಆರ್ (R) ಅನ್ನೋ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸುಳ್ಳು ಇಳುವರಿ ಹುಟ್ಟಿಸಿ ನೋಡೋಣ ಅಂತ ಕೂತೆ. ಎಕರೆಗೆ ಸರಾಸರಿ 22 ಮತ್ತು 24 ಕ್ವಿಂಟಲ್, ಸ್ಟ್ಯಾಂಡರ್ಡ್ ಡೀವಿಯೇಷನ್ (ಹೊಲದಿಂದ ಹೊಲಕ್ಕೆ ಇರುವ ಏರುಪೇರಿನ ಅಳತೆ) 5. ಎಲ್ಲಾ ನನ್ನ ಊಹೆ.

ಮೊದಲು ಫಾರ್ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಬರೆದೆ. 10 ಹೊಲಕ್ಕೆ ಒಂದು, ಅದನ್ನೇ ಕಾಪಿ ಮಾಡಿ 20ಕ್ಕೆ, 40ಕ್ಕೆ, 80ಕ್ಕೆ, ಅದರಲ್ಲೊಂದು ಕಡೆ 40 ತಿದ್ದೋದು ಮರೆತು ಅರ್ಧ ದಿನ ಹೋಯಿತು. ಆಮೇಲೆ ಎಲ್ಲಾ ಅಳಿಸಿ ಒಂದೇ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಂಡು) ಮಾಡಿದೆ. ಹೊಲದ ಸಂಖ್ಯೆ, ವ್ಯತ್ಯಾಸ, ಡೀವಿಯೇಷನ್ ಕೊಟ್ಟರೆ ಅದು ರ್ಯಾಂಡಮ್ ಸಂಖ್ಯೆ ಹುಟ್ಟಿಸುವ ಆರ್‌ನಾರ್ಮ್‌ನಿಂದ ಎರಡು ಗುಂಪು ಹುಟ್ಟಿಸಿ, ಟಿ-ಟೆಸ್ಟ್ (ಎರಡು ಸರಾಸರಿ ಹೋಲಿಸುವ ಪರೀಕ್ಷೆ) ಮಾಡಿ, ಪಿ-ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಂತರ ಬರುವ ಸಂಭವ) ವಾಪಸ್ ಕೊಡುತ್ತದೆ, ಅಷ್ಟೇ ಅದರ ಕೆಲಸ. ಎಕ್ಸ್‌ಪ್ಯಾಂಡ್-ಗ್ರಿಡ್‌ನಲ್ಲಿ ಈ ಮೂರರ ಎಲ್ಲಾ ಜೋಡಣೆಗಳನ್ನು ಒಂದು ಟೇಬಲ್ಲಿಗೆ ಸಾವಿರ ಸಾವಿರ ಸಲ ಹಾಕಿ, ಆ ಟೇಬಲ್ಲನ್ನು ಪರ್ (purrr) ಅನ್ನೋ ಆರ್ ಪ್ಯಾಕೇಜಿನ ಪಿಮ್ಯಾಪ್‌ಗೆ ಕೊಟ್ಟೆ. ಅದು ಸಾಲು ಸಾಲಾಗಿ ಫಂಕ್ಷನ್ ಓಡಿಸುತ್ತದೆ. ಕಾಲಮ್ಮಿನ ಹೆಸರು ಫಂಕ್ಷನ್ ಕೇಳುವ ಹೆಸರೇ ಆಗಿರಬೇಕು, ಇಲ್ಲಾಂದ್ರೆ 'ಅನ್‌ಯೂಸ್ಡ್ ಆರ್ಗ್ಯುಮೆಂಟ್' ಅಂತ ಬೈಸಿಕೊಳ್ಳಬೇಕು.

ಓಡಿತು. ಆದರೆ ಉತ್ತರ ವಿಚಿತ್ರ. ವ್ಯತ್ಯಾಸ ಸಿಕ್ಕಿದ್ದು (ಅಂದರೆ ಪಿ-ವ್ಯಾಲ್ಯೂ ಸಾಕಷ್ಟು ಚಿಕ್ಕದಾಗಿ ಬಂದಿದ್ದು) ಒಂದೋ ನೂರಕ್ಕೆ ಸೊನ್ನೆ ಸಲ, ಇಲ್ಲ ನೂರಕ್ಕೆ ನೂರು, ನಡುವೆ ಏನೂ ಇಲ್ಲ. ಪಿ-ವ್ಯಾಲ್ಯೂಗಳನ್ನು ತೆರೆದು ನೋಡಿದರೆ 20 ಹೊಲದ ಸಾವಿರ ಸಾಲಿನಲ್ಲೂ ಒಂದೇ ಸಂಖ್ಯೆ! ರ್ಯಾಂಡಮ್ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಸೆಟ್-ಸೀಡ್ ಸಾಲನ್ನು (ನಮ್ಮೂರ ಪಿನ್‌ಕೋಡ್ 577001 ಹಾಕಿದ್ದೆ, ಸುಮ್ನೆ) ಫಂಕ್ಷನ್ನಿನ ಒಳಗೇ ಇಟ್ಟಿದ್ದೆ. ಪ್ರತಿ ಸಲವೂ ಬೀಜ ಅದೇ, ಬೆಳೆ ಬೇರೆ ಬರೋದು ಹೇಗೆ? ಅದನ್ನು ಮೇಲೆ, ಹೊರಗೆ, ಒಂದೇ ಒಂದು ಸಲ ಬರೆದೆ. ಸರಿಹೋಯಿತು.

ಗುಂಪಿಗೆ 20 ಹೊಲ ಇದ್ದರೆ ನೂರಕ್ಕೆ ಸುಮಾರು 23 ಸಲ ಮಾತ್ರ ವ್ಯತ್ಯಾಸ ಸಿಗುತ್ತದೆ. 80 ಇದ್ದರೆ 71 ಸಲ. ನೂರಕ್ಕೆ 80 ಸಲ ಸಿಗಬೇಕಂದ್ರೆ ಗುಂಪಿಗೆ ನೂರು ಹೊಲ. 'ಇನ್ನೂರು ಹೊಲ ಯಾರು ಕೊಡ್ತಾರೆ ಮಾರಾಯ' ಅಂದ ಗೆಳೆಯ.

ಬೋರ್‌ವೆಲ್ ನೀರಿರುವ ಹೊಲಗಳನ್ನಷ್ಟೇ ಆರಿಸಿದರೆ ಏರುಪೇರು ಕಮ್ಮಿ ಆಗಬಹುದು ಅಲ್ವಾ? ಗ್ರಿಡ್ಡಿನಲ್ಲಿ 5 ಇದ್ದದ್ದನ್ನು 4 ಮಾಡಿ, ಹೊಲದ ಸಂಖ್ಯೆಗೆ 64 ಸೇರಿಸಿದೆ. ಫಂಕ್ಷನ್ ಮುಟ್ಟಲಿಲ್ಲ. ನೂರಕ್ಕೆ 80 ಸಲಕ್ಕೆ ಗುಂಪಿಗೆ 64 ಸಾಕು ಅಂತ ಬಂತು. ಆದರೆ ಮಳೆಯನ್ನೇ ನಂಬಿರುವ ಜಗಳೂರಿನ ರೈತರಿಗೆ ಆ ಉತ್ತರದಿಂದ ಏನು ಪ್ರಯೋಜನ ಅಂತ ಗೆಳೆಯ ಕೇಳಿದ. ಗ್ರಿಡ್ಡಿಗೆ ಇನ್ನೊಂದು ಕಾಲಮ್ ಸೇರಿಸುತ್ತಿದ್ದೇನೆ.