ಮಟನ್ ಅಂಗಡಿಯ ಗುಂಡಿಗೆಯಲ್ಲೇ ಮೈಟೊ-ಕೆಎಟಿಪಿ ಸಿಕ್ಕಿತು

ಮೈಟೊ-ಕೆಎಟಿಪಿ ಅಂದರೆ ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಪೊಟ್ಯಾಸಿಯಮ್ ಒಳಬಿಡುವ, ಎಟಿಪಿ ಮುಚ್ಚುವ ಚಾನೆಲ್. ಇಲಿ ಸಾಕುವ ಕೋಣೆ ಇಲ್ಲದೆ ಇದನ್ನು ಅಳೆಯಲಾಗದು ಅನ್ನುತ್ತಿದ್ದರು. ಹಾಸನದ ಮಟನ್ ಅಂಗಡಿಯ ಮೇಕೆ ಗುಂಡಿಗೆಯಲ್ಲೇ ಆಯಿತು. ಕೊಯ್ದ ಐದು ನಿಮಿಷದೊಳಗೆ ಅದು ಐಸಿನಲ್ಲಿಟ್ಟ ಬಫರಿಗೆ ಬೀಳಬೇಕು, ಅಷ್ಟೇ. ಮೊದಲ ಆರೇಳು ಗುಂಡಿಗೆ ಕೆಟ್ಟದ್ದು ಇಲ್ಲೇ. ಅರ್ಧ ಗಂಟೆ ಬೆಚ್ಚಗಿದ್ದದ್ದರಲ್ಲಿ ಆರ್‌ಸಿಆರ್ (ಮೈಟೊಕಾಂಡ್ರಿಯ ಎಷ್ಟು ಗಟ್ಟಿಯಾಗಿವೆ ಎಂದು ಹೇಳುವ ಉಸಿರಾಟದ ಅನುಪಾತ) 2 ದಾಟಲಿಲ್ಲ.

ಬಫರಿಗೆ ಸುಕ್ರೋಸ್ 250 ಮಿಲಿಮೋಲಾರ್, ಟ್ರಿಸ್ 10, ಇಜಿಟಿಎ 1, ಪಿಎಚ್ 7.4. ಕೊಬ್ಬು, ಹೃತ್ಕರ್ಣ ತೆಗೆದು ಎಡ ಹೃತ್ಕುಕ್ಷಿಯಿಂದ ನಾಲ್ಕೈದು ಗ್ರಾಂ ಸಾಕು. ಮಾಂಸ ಸಡಿಲಿಸುವ ಕಿಣ್ವ ಪ್ರೋಟಿಯೇಸ್ ಎಷ್ಟು ಹೊತ್ತು ಅನ್ನುವುದನ್ನು ಬರೆಯುವುದಿಲ್ಲ, ನಿಮ್ಮ ಬ್ಯಾಚಿಗೆ ನೀವೇ ಕಂಡುಕೊಳ್ಳಿ. ಸೆಂಟ್ರಿಫ್ಯೂಜಿನಲ್ಲಿ 700 ಜಿ, ಆಮೇಲೆ ಮೇಲಿನ ದ್ರವವನ್ನು 8000 ಜಿ, ತಲಾ 10 ನಿಮಿಷ; ತಳದ ಪೆಲೆಟ್ಟೇ ಮೈಟೊಕಾಂಡ್ರಿಯ. ಪೆಲೆಟ್ ಮೇಲಿನ ಬಿಳಿಚು ಪದರವನ್ನು ದಾಕ್ಷಿಣ್ಯವಿಲ್ಲದೆ ಚೆಲ್ಲಿ. ದುಡ್ಡು ಹೋಗುವುದು ಗುಂಡಿಗೆಗಲ್ಲ, ಫ್ಯಾಟಿ ಆಸಿಡ್ ತೆಗೆದ ಬಿಎಸ್‌ಎ ಎಂಬ ಆಲ್ಬುಮಿನ್ ಪ್ರೋಟೀನಿಗೆ. ಅಗ್ಗದ್ದು ತಂದು ಎರಡು ತಿಂಗಳು ಕಳೆದುಕೊಂಡೆ.

ಕ್ಯುವೆಟ್ಟಿನಲ್ಲಿ ಕೆಸಿಎಲ್ 100, ಹೆಪಿಸ್ 10, ಸಕ್ಸಿನೇಟ್ 5, ಫಾಸ್ಫೇಟ್ 2.5, ಮೆಗ್ನೀಸಿಯಮ್ 1 ಮಿಲಿಮೋಲಾರ್, ಜೊತೆಗೆ ರೊಟೆನೋನ್, ಆಲಿಗೊಮೈಸಿನ್. ಪ್ರೋಟೀನ್ ಮಿಲಿಗೆ 0.2 ಮಿಲಿಗ್ರಾಂ. ಪೊಟ್ಯಾಸಿಯಮ್ ಒಳಹೋದರೆ ಮೈಟೊಕಾಂಡ್ರಿಯ ಉಬ್ಬಿ ಬೆಳಕು ಕಡಿಮೆ ಚದುರುತ್ತದೆ; ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 520 ನ್ಯಾನೊಮೀಟರಿಗೆ ಮೊದಲ ನಿಮಿಷದ ಓಡಿ (ಬೆಳಕು ತಡೆಯುವ ಅಳತೆ) ಇಳಿತ ನೋಡಿ. 0.2 ಮಿಲಿಮೋಲಾರ್ ಎಟಿಪಿ ಅದನ್ನು ತಗ್ಗಿಸಬೇಕು, ಚಾನೆಲ್ ತೆರೆಯುವ ಡಯಾಜಾಕ್ಸೈಡ್ 30 ಮೈಕ್ರೊಮೋಲಾರ್ ಮತ್ತೆ ಎತ್ತಬೇಕು, ಚಾನೆಲ್ ಮುಚ್ಚುವ 5-ಎಚ್‌ಡಿ (5-ಹೈಡ್ರಾಕ್ಸಿಡೆಕನೊಯೇಟ್) 300 ಮೈಕ್ರೊಮೋಲಾರ್ ಅದನ್ನೂ ಅಳಿಸಬೇಕು. ನನಗೆ ಸಿಕ್ಕ ವ್ಯತ್ಯಾಸ ಶೇಕಡಾ ಹದಿನೈದು-ಇಪ್ಪತ್ತರ ಆಸುಪಾಸು. ಮೆಗ್ನೀಸಿಯಮ್ ಮರೆತರೆ ಎಟಿಪಿ ತಡೆಯುವುದೇ ಇಲ್ಲ. ಈ ಒಂದು ತಪ್ಪಿಗೆ ವಾರಗಟ್ಟಲೆ ಹೋಗಿದೆ.

ಡಯಾಜಾಕ್ಸೈಡ್ 100 ಮೈಕ್ರೊಮೋಲಾರ್ ದಾಟಿಸಬೇಡಿ, ಉಸಿರಾಟದ ಕಿಣ್ವ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಕೂಡ ತಡೆಗೊಳ್ಳುತ್ತದೆ. 5-ಎಚ್‌ಡಿ ಸ್ವತಃ ಕೊಬ್ಬಿನಾಮ್ಲದ ದಾರಿ ಹಿಡಿದು ಬದಲಾಗುವುದರಿಂದ, ಚಾನೆಲ್ ಮುಚ್ಚುವ ಇನ್ನೊಂದು ಔಷಧ ಗ್ಲಿಬೆನ್‌ಕ್ಲಮೈಡಿನಲ್ಲೂ ಒಮ್ಮೆ ನೋಡಿ. ಕೆಸಿಎಲ್ ಬದಲು ಪೊಟ್ಯಾಸಿಯಮ್ ಇಲ್ಲದ ಟಿಇಎ ಕ್ಲೋರೈಡ್ ಹಾಕಿದಾಗ ಡಯಾಜಾಕ್ಸೈಡಿನ ಪರಿಣಾಮ ಮಾಯವಾಗದಿದ್ದರೆ ನೀವು ಅಳೆದದ್ದು ಚಾನೆಲ್ ಅಲ್ಲ. ಸೈಕ್ಲೋಸ್ಪೊರಿನ್ ಕಂಟ್ರೋಲ್ ಕೂಡ ಬಿಡಬೇಡಿ, ಅದು ತಡೆಯುವ ಪಿಟಿಪಿ (ಒಳಪೊರೆಯ ದೊಡ್ಡ ರಂಧ್ರ) ತೆರೆದರೂ ಉಬ್ಬು ಹೀಗೇ ಕಾಣುತ್ತದೆ.

ಇಂಥ ಚಾನೆಲ್ ಇದೆಯೇ ಎಂದು ಕೇಳುವವರಿಗೆ: 2019ರಲ್ಲಿ ಮೈಟಾಕ್, ಮೈಟೊಸರ್ ಎಂಬ ಎರಡು ಪ್ರೋಟೀನ್ ಸೇರಿ ಇದಾಗುತ್ತದೆ ಎಂದು ತೋರಿಸಿದ್ದಾರೆ. ನಡುವೆ ಎನ್‌ಎಸ್-1619 ಹಾಕಿ, ಅದು ತೆರೆಯುವ ಕ್ಯಾಲ್ಸಿಯಮ್ ಚಾಲಿತ ಪೊಟ್ಯಾಸಿಯಮ್ ಚಾನೆಲ್ಲನ್ನೂ ಹುಡುಕಿದೆ. ಟಿಇಎ ಬಫರಿನಲ್ಲೂ ಅದೇ ಇಳಿತ ಬಂತು, ಲೆಕ್ಕಕ್ಕೆ ಸೇರಿಸಲಿಲ್ಲ.

ಸಮಯ ನೋಡಿಕೊಳ್ಳಿ. ಮೈಟೊಕಾಂಡ್ರಿಯ ತೆಗೆದು ಮೂರು ತಾಸು ಕಳೆದ ಮೇಲೆ ಆರ್‌ಸಿಆರ್ ಚೆನ್ನಾಗಿದ್ದರೂ ಚಾನೆಲ್ ಸುಮ್ಮನಾಗುತ್ತದೆ. ಸ್ಪೆಕ್ಟ್ರೊಫೋಟೊಮೀಟರಿನ ದೀಪಕ್ಕೆ ಯುಪಿಎಸ್ ಕಟ್ಟಿ, ಕರೆಂಟ್ ಮಿಣುಕಿದ ಓಟವನ್ನು ಎತ್ತಿಡದೆ ಬಿಸಾಡಿ.