ಆದಿತಾಳಕ್ಕೆ ಕೂತ ಬ್ಲೂಸ್

ಕಳೆದ ಫೆಬ್ರವರಿಯಲ್ಲಿ ಉಡುಪಿಯ ಹೊರಗಿನ ಒಂದು ಹಳೆಯ ಮನೆಯ ಚಾವಡಿಯಲ್ಲಿ ನಾವು ನಾಲ್ವರು ಕರ್ನಾಟಕ ಸಂಗೀತವನ್ನೂ ಜಾಝನ್ನೂ ಕೂಡಿಸಿ ಎರಡು ಗಂಟೆ ನುಡಿಸಿದೆವು. ಪಿಟೀಲು ನನ್ನದು. ಜೊತೆಗೆ ಮೃದಂಗ, ಪಿಯಾನೋ, ಬಾಸ್ ಗಿಟಾರ್. ನಡುವೆ ಎದ್ದು ಹೋದವರು ಇಬ್ಬರೇ, ಅದರಲ್ಲಿ ಒಬ್ಬರು ಊರಿನ ಕೊನೆಯ ಬಸ್ಸು ಹಿಡಿಯಬೇಕಾಗಿದ್ದವರು. "ಇದು ನಮ್ಮ ಕಡೆ ನಡೆಯುವ ಬಾಬತ್ತಲ್ಲ ಮಾಷ್ಟ್ರೇ" ಎಂದು ಐದು ವರ್ಷ ಬುದ್ಧಿ ಹೇಳಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಮೊದಲು ಕಳೆದುಕೊಂಡ ಲೆಕ್ಕ. ಮೊದಲ ಸಲ ಮಂಗಳೂರಿನಲ್ಲಿ ಸಭಾಂಗಣ ಬಾಡಿಗೆಗೆ ಹಿಡಿದೆವು. ಏಳು ಜನ, ಡ್ರಮ್ ಸೆಟ್, ಎರಡು ಕೀಬೋರ್ಡ್, ಒಂದು ಸ್ಯಾಕ್ಸೋಫೋನ್, ಮದುವೆಯ ಆರತಕ್ಷತೆಗೆ ಸಾಲುವಷ್ಟು ಸ್ಪೀಕರ್. ಸಭಾಂಗಣಕ್ಕೆ ಇಪ್ಪತ್ತೈದು ಸಾವಿರ, ಧ್ವನಿವರ್ಧಕಕ್ಕೆ ಹದಿನೆಂಟೋ ಇಪ್ಪತ್ತೋ, ಫ್ಲೆಕ್ಸು, ಊಟ, ಬೆಂಗಳೂರಿನಿಂದ ಬಂದ ಡ್ರಮ್‌ನವರ ಬಸ್ಸು, ಲಾಡ್ಜು. ಒಟ್ಟು ಎಪ್ಪತ್ತು ಸಾವಿರದ ಹತ್ತಿರ ನನ್ನ ಕೈಯಿಂದ ಹೋಯಿತು. ಬಂದವರು ನೂರಿಪ್ಪತ್ತು ಇರಬಹುದು, ಟಿಕೆಟ್ ಕೊಂಡವರು ಮೂವತ್ತು. ಮೃದಂಗ ಕೇಳಿಸದೆ ಮೈಕ್ ಏರಿಸಿದರು. ಅದು ಏರಿದ್ದಕ್ಕೆ ಪಿಟೀಲು ಕೇಳಿಸದೆ ಅದನ್ನೂ ಏರಿಸಿದರು. ಅರ್ಧ ಗಂಟೆಯ ಹೊತ್ತಿಗೆ ಏಳು ಜನವೂ ಒಬ್ಬರ ಮೇಲೊಬ್ಬರು ಕೂಗುತ್ತಿದ್ದೆವು.

ಸ್ಯಾಕ್ಸೋಫೋನ್ ವಿಷಯ ಬೇರೆಯೇ ಹೇಳಬೇಕು. ಜಾಝ್ ಎಂದಮೇಲೆ ಸ್ಯಾಕ್ಸೋಫೋನ್ ಇರಲೇಬೇಕೆಂದು ನಾನೂ ನಂಬಿದ್ದೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಅದು ಮಂಗಳವಾದ್ಯ. ಡೋಲಿನ ಜೊತೆ ಅದು ಕೇಳಿಸಿತೆಂದರೆ ಜನರ ಕೈ ತಾನಾಗಿ ಅಕ್ಷತೆ ಹುಡುಕುತ್ತದೆ. ಕದ್ರಿ ಗೋಪಾಲನಾಥರು 1980ರಲ್ಲಿಯೇ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿ ಬಂದಿದ್ದರು. ಅಂಥವರು ಹುಟ್ಟಿದ ನೆಲದಲ್ಲಿ ಬೇರೆ ಯಾರು ಆ ವಾದ್ಯ ಎತ್ತಿದರೂ ಹೋಲಿಕೆ ತಪ್ಪುವುದಿಲ್ಲ. ನಮ್ಮ ಹುಡುಗ ಚೆನ್ನಾಗಿಯೇ ನುಡಿಸಿದ. ಮುಂದಿನ ಸಾಲಿನ ಹಿರಿಯರೊಬ್ಬರು ಕೊನೆಗೆ ಬಂದು, "ಕದನಕುತೂಹಲ ಯಾಕೆ ನುಡಿಸಲಿಲ್ಲ?" ಎಂದು ಕೇಳಿದರು. ಗೋಪಾಲನಾಥರ ಹೆಸರಿಗೇ ಅಂಟಿಕೊಂಡ ರಾಗ ಅದು. ಅಲ್ಲಿಗೆ ಸ್ಯಾಕ್ಸೋಫೋನ್ ಕೈಬಿಟ್ಟೆ.

ಎರಡನೆಯ ಪ್ರಯತ್ನಕ್ಕೆ ಒಂದು ಸಂಗೀತ ಸಭೆಯವರು ನಲವತ್ತು ನಿಮಿಷ ಕೊಟ್ಟರು. ಅಲ್ಲಿ ಖರಹರಪ್ರಿಯ ರಾಗ ಹಿಡಿದೆ. ಜಾಝ್‌ನವರ ಡೋರಿಯನ್ ಸ್ವರಶ್ರೇಣಿ ಇದೇ, ಸ್ವರಸ್ಥಾನ ಒಂದೂ ಹೆಚ್ಚು ಕಡಿಮೆ ಇಲ್ಲ, ಇನ್ನೇನು ಬೇಕು ಎಂಬ ಧೈರ್ಯ. ಸ್ವರಸ್ಥಾನ ಕೂಡಿದರೆ ರಾಗ ಕೂಡುತ್ತದೆಯೇ? ನನ್ನ ಗಾಂಧಾರ (ಗ ಸ್ವರ) ತೂಗುತ್ತದೆ, ಪಿಯಾನೋದ ಗಾಂಧಾರ ಗೂಟದಂತೆ ನಿಂತಿರುತ್ತದೆ. ಕೇಳುವವರಿಗೆ ನಾನೇ ಅಪಸ್ವರ ನುಡಿಸಿದಂತೆ ಕಂಡಿತು. ಗೌರವಧನದ ಕವರಿನಲ್ಲಿ ಎರಡು ಸಾವಿರ ಇತ್ತು, ನಾಲ್ವರು ಹಂಚಿಕೊಂಡೆವು.

ಮಧ್ಯೆ ಒಂದು ಮಳೆಗಾಲ ಪೂರ್ತಿ ಚೆಂಡೆ, ಮದ್ದಳೆಗಳ ಹಿಂದೆ ಹೋಗಿ ಕಳೆದೆ. ಯಕ್ಷಗಾನದ ಮದ್ದಳೆ ಬಾಸ್ ಗಿಟಾರಿನ ಜೊತೆ ಚೆನ್ನಾಗಿ ಕೂಡುತ್ತದೆ, ಇದನ್ನು ಯಾರಾದರೂ ಮುಂದುವರಿಸಬಹುದು. ಚೆಂಡೆಯನ್ನು ಕೋಣೆಯೊಳಗೆ ತರಬೇಡಿ. ಪಕ್ಕದ ಮನೆಯವರು ಎರಡನೆಯ ದಿನ ಬಂದು ಆಟ ಯಾವತ್ತು ಎಂದು ವಿಚಾರಿಸಿದರು.

ದಾರಿ ಸಿಕ್ಕಿದ್ದು ಬಾಸ್ ನುಡಿಸುವವರಿಂದ. ಅವರು ಮಂಗಳೂರಿನ ಒಂದು ಇಗರ್ಜಿಯ ಗಾಯನವೃಂದದಲ್ಲಿ ಬೆಳೆದವರು, ಮದುವೆಗೆ ಮೊದಲಿನ ರೋಸು ಶಾಸ್ತ್ರ, ಮದುವೆಗಳ ಬ್ಯಾಂಡಿನಲ್ಲಿ ಮೂವತ್ತು ವರ್ಷ ನುಡಿಸಿದವರು. ಒಂದು ಸಂಜೆ ಸುಮ್ಮನೆ ಹನ್ನೆರಡು ಬಾರಿನ ಬ್ಲೂಸ್ (ಜಾಝ್‌ಗೆ ಬೇರಾದ ಅಮೆರಿಕದ ಹಾಡಿನ ಕಟ್ಟು, ಒಂದು ಬಾರ್ ಎಂದರೆ ನಾಲ್ಕು ಎಣಿಕೆ) ತಿರುಗಿಸುತ್ತಿದ್ದರು. ನಮ್ಮ ಮೃದಂಗದವರು ಅಭ್ಯಾಸಬಲದಿಂದ ತೊಡೆಯ ಮೇಲೆ ಆದಿತಾಳ ಹಾಕುತ್ತಾ ಕೂತಿದ್ದವರು ತಟ್ಟನೆ, "ಇದು ಆರು ಆವರ್ತನಕ್ಕೆ ಸರಿಯಾಗಿ ಬಂದು ಬೀಳುತ್ತದಲ್ಲ ಭಟ್ರೇ!" ಎಂದರು. ಹನ್ನೆರಡು ನಾಲ್ಕಲೆ ನಲವತ್ತೆಂಟು, ಆದಿತಾಳದ ಒಂದು ಸುತ್ತು (ಆವರ್ತನ) ಎಂಟು ಎಣಿಕೆ, ಎಂಟರಿಂದ ಭಾಗಿಸಿದರೆ ಆರು. ಅಷ್ಟೇ ಆಗಿದ್ದರೆ ಬರಿಯ ಮಗ್ಗಿ. ಬಾಸ್ ಎಲ್ಲೆಲ್ಲಿ ನೆಲೆ ಬದಲಿಸುತ್ತದೆ ಎಂದು ನೋಡಿದಾಗ ಮೈ ಜುಮ್ಮೆಂದಿತು. ಮೊದಲೆರಡು ಆವರ್ತನ ಷಡ್ಜ (ಸ). ಮೂರನೆಯದು ಮಧ್ಯಮ (ಮ). ನಾಲ್ಕನೆಯದು ಮತ್ತೆ ಷಡ್ಜ. ಐದನೆಯದರಲ್ಲಿ ಲಘು (ಮೊದಲ ನಾಲ್ಕು ಎಣಿಕೆ) ಪೂರ್ತಿ ಪಂಚಮ (ಪ), ಎರಡು ದ್ರುತಗಳು (ಉಳಿದ ಎರಡೆರಡು ಎಣಿಕೆ) ಮಧ್ಯಮ. ಆರನೆಯದು ಷಡ್ಜ. ಒಂದು ಬದಲಾವಣೆಯೂ ತಾಳದ ಅಂಗವನ್ನು ಕತ್ತರಿಸುವುದಿಲ್ಲ. ಪಾಶ್ಚಾತ್ಯ ಬರವಣಿಗೆ ಓದಲು ಬಾರದ ಮೃದಂಗದವರಿಗೆ ಇದನ್ನು ಮದುವೆ ಕಾಗದದ ಹಿಂದೆ ಆರು ಸಾಲಿನಲ್ಲಿ ಬರೆದುಕೊಟ್ಟೆ. ಎರಡು ವರ್ಷ ಬಾಯಲ್ಲಿ ಹೇಳಿ ಆಗದ್ದು ಹತ್ತು ನಿಮಿಷದಲ್ಲಿ ಆಯಿತು. ಆ ಕಾಗದ ಈಗಲೂ ಅವರ ಮೃದಂಗದ ಚೀಲದಲ್ಲಿದೆ.

ರಾಗ ಶುದ್ಧ ಧನ್ಯಾಸಿ. ಬ್ಲೂಸ್‌ನವರು ಸ್ವರವನ್ನು ಎಳೆದು ಬಾಗಿಸುವುದನ್ನು ಕೇಳಿದ ಯಾವ ಪಿಟೀಲಿನವರೂ ಇದು ನಮ್ಮ ಮನೆಯ ಕೆಲಸ ಎನ್ನುತ್ತಾರೆ. ಒಮ್ಮೊಮ್ಮೆ ಈ ರಾಗದಲ್ಲಿಲ್ಲದ ಪ್ರತಿಮಧ್ಯಮವನ್ನು ಸೋಕಿಸಿ ಪಂಚಮಕ್ಕೆ ಹೋಗುತ್ತೇನೆ. ಶಾಸ್ತ್ರದವರು ಬೈಯಲಿ.

ಶ್ರುತಿಗೆ ಬಿಳಿ ಎರಡು (ಎರಡನೆಯ ಬಿಳಿ ಕೀಲಿ), ಅಂದರೆ ಡಿ. ನನಗೆ ಅನುಕೂಲ ಎಂದಲ್ಲ. ಬಾಸ್ ಗಿಟಾರಿನ ನಾಲ್ಕು ಖಾಲಿ ತಂತಿಗಳಲ್ಲಿ ಮೂರು ಹಾಗೆಯೇ ನಮ್ಮ ಸ, ಮ, ಪ ಆಗಿ ನಿಲ್ಲುತ್ತವೆ. ಖಾಲಿ ತಂತಿಯ ಗುಂಯ್‌ಗುಡುವಿಕೆ ತಂಬೂರಿಯ ಅರ್ಧ ಕೆಲಸ ಮಾಡುತ್ತದೆ. ಇದು ಮುಖ್ಯ, ಏಕೆಂದರೆ ಶ್ರುತಿಪೆಟ್ಟಿಗೆಯನ್ನು ನಾನು ಬಂದ್ ಮಾಡಿಸಿದ್ದೆ. ಬಾಸ್ ಮಧ್ಯಮಕ್ಕೆ ಹೋದಾಗ ಪೆಟ್ಟಿಗೆ ಇನ್ನೂ ಸ-ಪ ಎನ್ನುತ್ತಿದ್ದರೆ ಮನೆಯಲ್ಲಿ ಇಬ್ಬರು ಯಜಮಾನರಿದ್ದ ಹಾಗೆ. ತಂಬೂರಿ ಇಲ್ಲದೆ ಕಚೇರಿಯೇ ಎಂದು ಮೃದಂಗದವರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಪಿಯಾನೋಗೆ ಒಂದೇ ಕಟ್ಟಳೆ: ಗಾಂಧಾರ ನನ್ನದು, ನೀನು ಮುಟ್ಟಬೇಡ. ಮಣಿಪಾಲದಲ್ಲಿ ಓದುವ ಹುಡುಗ, ಒಳ್ಳೆಯ ಕೈ, ಆದರೆ ಹತ್ತು ಬೆರಳೂ ಸದಾ ಕೀಲಿಗಳ ಮೇಲೆ. ಅವನ ಅಂತರ ಗಾಂಧಾರ (ಮೇಲಿನ ಗ) ಸಹಜ ಗಾಂಧಾರಕ್ಕಿಂತ ಹದಿನಾಲ್ಕು ಸೆಂಟ್ ಮೇಲಿರುತ್ತದೆ, ಸೆಂಟ್ ಎಂದರೆ ಅರ್ಧಸ್ವರದ ನೂರರಲ್ಲೊಂದು ಪಾಲು. ಬ್ಲೂಸ್‌ನಲ್ಲಂತೂ ಅವನು ಅಂತರ ಒತ್ತುತ್ತಾನೆ, ನಾನು ಸಾಧಾರಣ (ಕೆಳಗಿನ ಗ) ಹಿಡಿದಿರುತ್ತೇನೆ. ಆ ತಿಕ್ಕಾಟವೇ ಬ್ಲೂಸಿನ ರುಚಿ ಎಂದು ಅವನು ವಾದಿಸಿದ. ನಿಜವೇ, ಆದರೆ ನಮ್ಮ ಚಾವಡಿಯ ಕಿವಿಗಲ್ಲ. ಸ, ಪ, ನಿ ಇಷ್ಟರಲ್ಲೇ ಇರು ಎಂದೆ. ಮುಖ ಚಿಕ್ಕದು ಮಾಡಿಕೊಂಡ. ಮೂರು ವಾರವಾದ ಮೇಲೆ, "ಸರ್, ಈಗ ನನಗೆ ನೀವು ಕೇಳಿಸುತ್ತೀರಿ" ಎಂದ. ಗಾಂಧಾರವನ್ನು ಅವನಿಗೆ ಬಿಟ್ಟುಕೊಡುವ ಒಂದು ಜಾಗವೂ ಉಂಟು. ಎಲ್ಲಿ ಎಂದು ಕೇಳಬೇಡಿ, ಕಚೇರಿಗೆ ಬಂದು ಕೇಳಿಸಿಕೊಳ್ಳಿ.

ಅತ್ಯಂತ ಹೆಣಗಿದ್ದು ನಡೆಗೆ, ಅಂದರೆ ಒಂದೊಂದು ಎಣಿಕೆಯನ್ನು ಎಷ್ಟು ಪಾಲು ಮಾಡುವುದು ಎಂಬುದಕ್ಕೆ. ಪಿಯಾನೋದವನು ಜಾಝ್‌ನ ಉದ್ದ-ಗಿಡ್ಡ ಲಯವಾದ ಸ್ವಿಂಗಿನಲ್ಲಿ ತೂಗುತ್ತಾನೆ, ಮೃದಂಗ ಚತುರಶ್ರದಲ್ಲಿ (ನಾಲ್ಕು ಸಮಪಾಲು) ಅಳತೆಗೋಲು ಹಿಡಿದ ಹಾಗೆ ಹೋಗುತ್ತದೆ. ತಿಶ್ರ ನಡೆ (ಮೂರು ಪಾಲು) ಹಿಡಿಯೋಣ ಎಂದರೆ ಮೃದಂಗದವರ ತಕಿಟ ತಕಿಟ ತುಂಬಿಬಿಟ್ಟು ಉತ್ಸವದ ಮೆರವಣಿಗೆಯಾಗುತ್ತದೆ. ತಿಂಗಳಿಗೆ ನಾಲ್ಕು ಭಾನುವಾರದಂತೆ ಮೂರು ತಿಂಗಳು ಇದರಲ್ಲೇ ಹೋಯಿತು. ಕೊನೆಗೆ ತಕಿಟದಲ್ಲಿ 'ಕಿ'ಯನ್ನು ನುಂಗಿಬಿಡಿ, ಮನಸ್ಸಿನಲ್ಲಿರಲಿ, ಬೆರಳಿಗೆ ಬರಬಾರದು ಎಂದಾಗ ಹದ ಸಿಕ್ಕಿತು. ಕಾಲಪ್ರಮಾಣ ನಿಮಿಷಕ್ಕೆ ನೂರಹತ್ತು ಎಣಿಕೆಯ ಆಸುಪಾಸು. ಅದಕ್ಕಿಂತ ವೇಗವಾದರೆ ನುಂಗಿದ್ದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ತಿಶ್ರದಲ್ಲಿ ಒಂದು ಆವರ್ತನಕ್ಕೆ ಇಪ್ಪತ್ತನಾಲ್ಕು ಅಕ್ಷರ. ಆರು ಅಕ್ಷರದ ಸೊಲ್ಲು, ಮೂರು ಬಿಡುವು, ಮತ್ತೆ ಆರು, ಮೂರು ಬಿಡುವು, ಆರು. ಆರನೆಯ ಆವರ್ತನದಲ್ಲಿ ಈ ಮುಕ್ತಾಯ ಹಾಕಿದರೆ ಮುಂದಿನ ಸುತ್ತಿನ ಸಮಕ್ಕೆ, ಅಂದರೆ ಮೊದಲ ಎಣಿಕೆಗೆ, ನಾಲ್ವರೂ ಒಟ್ಟಿಗೆ ಇಳಿಯುತ್ತೇವೆ. ಜಾಝ್‌ನವರು ನಾಲ್ಕು ನಾಲ್ಕು ಬಾರು ಹಂಚಿಕೊಂಡು ನುಡಿಸುವುದು ನಮ್ಮ ತನಿಯ (ಲಯವಾದ್ಯಗಳ ಏಕಾಂತ ವಾದನ) ಕುರೈಪು, ಅಂದರೆ ಸರದಿಯ ಸವಾಲು-ಜವಾಬು, ಅಲ್ಲದೆ ಮತ್ತೇನು ಎಂದು ಮೃದಂಗದವರು ಈಗ ಎಲ್ಲರಿಗೂ ಪಾಠ ಹೇಳುತ್ತಾರೆ. ಕೊನೆಯ ತುಂಡಿಗೆ ಅವರು ಕಟ್ಟಿರುವ ದೊಡ್ಡ ಕೋರ್ವೆ (ಲೆಕ್ಕದ ಮುಕ್ತಾಯ) ಮಾತ್ರ ಇಲ್ಲಿ ಬರೆಯಲಾರೆ, ಅದು ಅವರ ಆಸ್ತಿ.

ಮೋಹನ ರಾಗದಲ್ಲಿ ಒಂದು ಆಟವನ್ನೂ ಸೇರಿಸಿದೆವು. ನಾನು ಮೋಹನ ನುಡಿಸುತ್ತಲೇ ಇರುತ್ತೇನೆ, ಬಾಸ್ ಮೆಲ್ಲಗೆ ಷಡ್ಜದಿಂದ ಧೈವತಕ್ಕೆ ಸರಿಯುತ್ತದೆ. ಷಡ್ಜದ ನೆಲೆ ಸರಿಸಿ ಅದೇ ಸ್ವರಗಳಲ್ಲಿ ಬೇರೆ ರಾಗ ತೋರಿಸುವ ಗ್ರಹಭೇದ, ಸಂಗೀತದವರಿಗೆ ಗೊತ್ತಿರುವುದೇ. ಆದರೆ ಪಿಟೀಲಿನವನು ಮಾಡುವ ಗ್ರಹಭೇದವನ್ನು ಕೆಳಗಿನ ನೆಲವಾದ ಬಾಸೇ ಮಾಡಿದರೆ ಪರಿಣಾಮ ಬೇರೆ. ಆ ಮನೆಯ ಹಿರಿಯ ಅಮ್ಮ ಕಂಬಕ್ಕೊರಗಿ ಕೂತಿದ್ದವರು, "ನಿಮ್ಮ ಬೆರಳು ಬದಲಾಗಲಿಲ್ಲ, ರಾಗ ಬದಲಾಯಿತಲ್ಲ ಮಗ?" ಎಂದು ಆಮೇಲೆ ಕೇಳಿದರು. ಪತ್ರಿಕೆಯ ವಿಮರ್ಶೆಗಿಂತ ಅದು ದೊಡ್ಡದು (ವಿಮರ್ಶೆ ಬರಲೂ ಇಲ್ಲ).

ಇನ್ನು ಜಾಗ. ಪಾಶ್ಚಾತ್ಯರು ಚೇಂಬರ್ ಎನ್ನುವುದಕ್ಕೆ ನಮ್ಮಲ್ಲಿ ಚಾವಡಿ ಇದ್ದೇ ಇದೆ. ಮರದ ಮುಚ್ಚಿಗೆ, ಕೆಂಪು ನೆಲ, ಮೂರು ಬದಿ ಕೂರುವ ಜಗಲಿ. ಮೈಕ್ ಒಂದೂ ಇಲ್ಲ. ಬಾಸ್‌ಗೆ ಮತ್ತು ಪಿಯಾನೋಗೆ ಕುರ್ಚಿಯಷ್ಟೆತ್ತರದ ಒಂದೊಂದು ಸ್ಪೀಕರ್ ಪೆಟ್ಟಿಗೆ, ಮೃದಂಗಕ್ಕಿಂತ ದೊಡ್ಡದಾಗಿ ಕೇಳಿಸಕೂಡದು ಎಂಬ ಷರತ್ತಿನ ಮೇಲೆ. ಪೆಟ್ಟಿಗೆಗಳನ್ನು ಜನರ ಕಡೆಗಲ್ಲದೆ ಗೋಡೆಗೆ ಮುಖಮಾಡಿ ಇಟ್ಟೆವು. ಉಡುಪಿ ಕೃಷ್ಣಮಠದ ಪರ್ಯಾಯದ ವರ್ಷವಾದ್ದರಿಂದ ಜನವರಿಯ ಮಾತೇ ಎತ್ತಲಿಲ್ಲ. ಫೆಬ್ರವರಿಗೆ ಇಟ್ಟು ಸುತ್ತಲಿನ ಭೂತಕೋಲಗಳ ದಿನ ವಿಚಾರಿಸಲು ಮರೆತೆ. ಬ್ಲೂಸಿನ ಐದನೆಯ ಆವರ್ತನದಲ್ಲಿ, ಸರಿಯಾಗಿ ಮೊದಲ ದ್ರುತಕ್ಕೆ, ಆಚೆ ಬೈಲಿನಲ್ಲಿ ಕೋಲದ ಗರ್ನಾಲ್ ಪಟಾಕಿ ಸಿಡಿಯಿತು. ಪಿಯಾನೋದ ಹುಡುಗ ಹಾರಿಬಿದ್ದು ಗಾಂಧಾರ ಒತ್ತಿದ.

ಹಣದ ಲೆಕ್ಕ ಹೀಗೆ. ಎಂಬತ್ತು ಕುರ್ಚಿ, ತಲೆಗೆ ನಾನೂರು, ಕೊಟ್ಟವರು ಸುಮಾರು ಎಪ್ಪತ್ತು. ಇಪ್ಪತ್ತೆಂಟು ಸಾವಿರ ಬಂತು. ನಿಜ ಪಿಯಾನೋದ ಹಾಗೆ ಭಾರದ ಕೀಲಿಗಳ ಡಿಜಿಟಲ್ ಪಿಯಾನೋದ ಬಾಡಿಗೆ ಮೂರೂವರೆ ಸಾವಿರ, ಟೆಂಪೋ ಎರಡು ಸಾವಿರ, ಗೋಳಿಬಜೆ, ಕಾಫಿಗೆ ನಾಲ್ಕು, ಕುರ್ಚಿ, ದೀಪ ಎಂದು ಇನ್ನೊಂದೂವರೆ. ಮನೆಯವರು ಬಾಡಿಗೆ ತೆಗೆದುಕೊಳ್ಳಲಿಲ್ಲ. ನಾಲ್ವರಿಗೂ ನಾಲ್ಕು ನಾಲ್ಕು ಸಾವಿರ ಸಿಕ್ಕಿತು, ಉಳಿದ ಸಾವಿರವನ್ನು ಅಂಗಳ ಗುಡಿಸಿ ಪಾತ್ರೆ ತೊಳೆದವರ ಕೈಗೆ ಕೊಟ್ಟೆವು. ಮೊದಲ ಸಲದ ಎಪ್ಪತ್ತು ಸಾವಿರ ಇನ್ನೂ ವಾಪಸಾಗಿಲ್ಲ ಎಂದು ಮನೆಯಲ್ಲಿ ನೆನಪಿಸುತ್ತಾರೆ.

ಈಗ ಹಿಡಿದಿರುವುದು ಜಾಝ್ ಹಾಡುಗಳ ಮೂವತ್ತೆರಡು ಬಾರಿನ ಕಟ್ಟು. ಲೆಕ್ಕಕ್ಕೆ ಅದೂ ಸಲೀಸು, ಹದಿನಾರು ಆವರ್ತನ, ನಾಲ್ಕು ನಾಲ್ಕರ ನಾಲ್ಕು ಪಾಲು. ತೊಡಕು ಮೂರನೆಯ ಪಾಲಿನಲ್ಲಿ. ಅಲ್ಲಿ ಷಡ್ಜವೇ ಬೇರೆ ಕಡೆ ಹೋಗಿ ಕೂರುತ್ತದೆ, ಮೃದಂಗದ ಬಲ ಮುಚ್ಚಿಗೆ ಮಾತ್ರ ಹಳೆಯ ಷಡ್ಜವನ್ನೇ ಹಿಡಿದಿರುತ್ತದೆ. ಆ ನಾಲ್ಕು ಆವರ್ತನ ಎಡಗೈಯೊಂದರಲ್ಲೇ ನುಡಿಸಿ ನೋಡಿದರು, ಬೋಳು ಬೋಳಾಯಿತು. ಮಧ್ಯಮಕ್ಕೆ ಶ್ರುತಿ ಮಾಡಿದ ಇನ್ನೊಂದು ಮೃದಂಗ ಪಕ್ಕದಲ್ಲಿಟ್ಟುಕೊಳ್ಳೋಣ ಎಂದು ಅವರೇ ಹೇಳಿ ಹಳೆಯದೊಂದನ್ನು ದುರಸ್ತಿಗೆ ಕೊಟ್ಟಿದ್ದಾರೆ. ಮುಚ್ಚಿಗೆ ಹಾಕುವವರು ಮಳೆ ಬಿಡದೆ ಚರ್ಮ ಎಳೆಯುವುದಿಲ್ಲ ಎಂದಿದ್ದಾರೆ, ನವರಾತ್ರಿಯವರೆಗೆ ಕಾಯಬೇಕು.