ತೋಟದ ಕೊಲ್ಲಿಯಿಂದ ಸಿಲ್ವರ್ ಓಕ್ ದಿಮ್ಮಿ ಮೇಲೆ ತಂದಿದ್ದು – ನನ್ನ ಅನುಭವ

ನಮ್ಮ ತೋಟ ಮೂಡಿಗೆರೆ ಕಡೆ. ಹಿಂಭಾಗದಲ್ಲಿ ಒಂದು ಕೊಲ್ಲಿ, ಅಂದ್ರೆ ಗುಡ್ಡದ ನಡುವಿನ ಆಳದ ಕಣಿವೆ ಇದೆ, ಮೇಲೆ ಜೀಪ್ ರೋಡು, ಕೆಳಗೆ ಹಳ್ಳ, ಮಧ್ಯ ಎಷ್ಟು ಕಡಿದು ಅಂದ್ರೆ ಕಾಫಿ ಕುಯ್ಯೋರು ಒಂದು ಕೈಲಿ ಗಿಡ ಹಿಡ್ಕೊಂಡೇ ನಿಲ್ಲಬೇಕು. ಅಪ್ಪ ನೆರಳಿಗೆ ಅಂತ ನೆಟ್ಟಿದ್ದ ಸಿಲ್ವರ್ ಓಕ್ ಮರಗಳು ಅಲ್ಲಿ ಬೆಳೆದು ನಿಂತಿದ್ವು. ಸಿಲ್ವರ್ ಕಡಿಯೋಕೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲೇ ವಿನಾಯಿತಿ ಇದೆ, ಕಡಿಯೋದು ತಲೆನೋವಲ್ಲ, ಮೇಲೆ ತರೋದೇ ತಲೆನೋವು. ವ್ಯಾಪಾರಿ ಬಂದ, ರೋಡಿನ ಅಂಚಲ್ಲೇ ನಿಂತು ಕೆಳಗೆ ಇಣುಕಿ ನೋಡಿ, "ಜೆಸಿಬಿ ತರಿಸಿ ಒಂದು ರೋಡ್ ಕಡಿಸಿ ಸಾರ್, ಇಲ್ಲಾಂದ್ರೆ ಅರ್ಧ ರೇಟು" ಅಂದ.

ರೋಡ್ ಕಡಿಸೋಕೆ ನನಗೆ ಧೈರ್ಯ ಬರ್ಲಿಲ್ಲ. 2018ರಲ್ಲಿ ಕೊಡಗಲ್ಲಿ ಗುಡ್ಡ ಜಾರಿದ್ದು, 2019ರ ಆಗಸ್ಟಲ್ಲಿ ನಮ್ಮ ತಾಲ್ಲೂಕಲ್ಲೇ ಆಗಿದ್ದು ಎಲ್ಲಾ ನೋಡಿದೀವಲ್ಲ, ಗುಡ್ಡದ ಬುಡ ಕೆತ್ತಿ ಮಳೆಗಾಲಕ್ಕೆ ಬಿಡೋಕೆ ಮನಸ್ಸು ಒಪ್ಪಲ್ಲ.

ಮೊದಲು ಟ್ರ್ಯಾಕ್ಟರ್ ವಿಂಚ್ (ರೋಪು ಸುತ್ತಿ ಎಳೆಯೋ ಯಂತ್ರ) ಹಾಕಿ ನೆಲದ ಮೇಲೇ ಎಳೆದು ನೋಡಿದ್ವಿ. ದಿಮ್ಮಿಯ ಮೂತಿ ಹೋಗಿ ಮಣ್ಣಿಗೆ ನಾಟ್ಕೊಳ್ಳುತ್ತೆ, ಬಿಡಿಸಿ ಮತ್ತೆ ಎಳೆದ್ರೆ ಪಕ್ಕಕ್ಕೆ ಉರುಳಿ ಕಾಫಿ ಗಿಡ ಮುರಿಯುತ್ತೆ. ಎರಡು ದಿಮ್ಮಿಗೆ ಏಳು ಗಿಡ ಹೋಯ್ತು. ಆಮೇಲೆ ಗಾಳೀಲೇ ತರೋಣ ಅಂತ ತೀರ್ಮಾನ ಆಯ್ತು. ಈ ಕಡೆ ರೋಡಿನ ಪಕ್ಕದ ದೊಡ್ಡ ಹಲಸಿನ ಮರ, ಆ ಕಡೆ ಹಳ್ಳದಾಚೆ ಒಂದು ಅತ್ತಿ ಮರ, ಮಧ್ಯ ಸುಮಾರು 240 ಅಡಿ. 10 ಎಂಎಂ ವೈರ್ ರೋಪ್ ಕಟ್ಟಿ, ಅದರ ಮೇಲೆ ಓಡೋಕೆ ಎರಡು ಪುಲ್ಲಿ ಇಟ್ಟು ಪ್ಲೇಟ್ ಬೆಸುಗೆ ಹಾಕಿಸಿದ ಗಾಡಿ, ಅದಕ್ಕೆ ನೇತುಹಾಕಿದ ಚೈನ್ ಬ್ಲಾಕು (ಕೈಲಿ ಸರಪಳಿ ಎಳೆದು ಭಾರ ಎತ್ತೋ ಸಾಧನ). ಚೈನ್ ಬ್ಲಾಕಲ್ಲಿ ದಿಮ್ಮಿ ಎತ್ತೋದು, ವಿಂಚಿನ ರೋಪಲ್ಲಿ ಗಾಡೀನ ಮೇಲಕ್ಕೆ ಎಳೆಯೋದು, ಖಾಲಿ ಗಾಡಿ ತನ್ನಷ್ಟಕ್ಕೆ ಇಳ್ಕೊಂಡು ಹೋಗುತ್ತೆ. ಕೇಳೋಕೆ ಸುಲಭ.

ನಾನು ಮಾಡಿದ ದೊಡ್ಡ ತಪ್ಪು ಏನಂದ್ರೆ, ರೋಪು ಬಿಗಿಯಾಗಿದ್ದಷ್ಟೂ ಗಟ್ಟಿ ಅಂದ್ಕೊಂಡೆ. ಪುಲ್ಲರ್ ಹಾಕಿ ಎಳೆದೂ ಎಳೆದೂ ತಂಬೂರಿ ತಂತಿ ತರ ಮಾಡಿಟ್ಟಿದ್ದೆ. ಮೊದಲನೇ ದಿಮ್ಮಿ, 10 ಅಡಿ ಉದ್ದ, 36 ಇಂಚು ಸುತ್ತಳತೆ, ಹಸಿ ಮರ ಅಂದ್ರೆ ಹೆಚ್ಚೂಕಮ್ಮಿ 200 ಕೆಜಿ. ನೆಲ ಬಿಟ್ಟು ಎದ್ದಿದ್ದೇ ತಡ ಹಲಸಿನ ಬುಡದಲ್ಲಿ 'ಟಕ್' ಅಂತ ಒಂದು ಸದ್ದು. ಹೋಗಿ ನೋಡಿದ್ರೆ ರೋಪಿನ ತುದಿ ಮಡಚಿ ಕ್ಲಿಪ್ ಹಾಕಿ ಬಿಗಿದಿದ್ದ ಜಾಗದಿಂದ ರೋಪು ಎರಡು ಇಂಚು ಜಾರಿದೆ, ಜಾರಿದ ಜಾಗ ಮಾತ್ರ ಫಳಫಳ ಹೊಳೀತಿದೆ. ನನ್ನ ಕಾಲು ನಡುಗಿದ್ದು ಸುಳ್ಳಲ್ಲ. ಮೆಲ್ಲಗೆ ದಿಮ್ಮಿ ಇಳಿಸಿ ಅವತ್ತಿನ ಕೆಲಸ ಅಲ್ಲಿಗೇ ನಿಲ್ಸಿದ್ವಿ.

ಪಕ್ಕದ ತೋಟದಲ್ಲಿ ಲೈನ್‌ಮನ್ ಆಗಿ ರಿಟೈರ್ ಆದ ಅಣ್ಣ ಒಬ್ರಿದ್ದಾರೆ, ಸಂಜೆ ಅವರನ್ನ ಕರ್ಕೊಂಡು ಬಂದೆ. ರೋಪು ನೋಡಿ ನಕ್ಕುಬಿಟ್ರು. "ಕರೆಂಟ್ ತಂತಿ ಯಾಕೆ ಜೋಲು ಬಿಟ್ಟಿರ್ತಾರೆ ಹೇಳು ಮಾರಾಯ, ತಂತಿ ಜಾಸ್ತಿ ಇತ್ತು ಅಂತಲಾ?" ಅಂದ್ರು. ಆಮೇಲೆ ಬೀಡಿ ಕಟ್ಟಿನ ಹಿಂದೆ ಲೆಕ್ಕ ಬರೆದು ತೋರಿಸಿದ್ರು: ಭಾರ ಇಂಟು ಎರಡು ಮರದ ನಡುವಿನ ದೂರ, ಅದನ್ನ ಜೋಲಿನ (ರೋಪು ಮಧ್ಯದಲ್ಲಿ ಕೆಳಗೆ ಬಾಗಿರೋ ಅಳತೆ) ನಾಲ್ಕು ಪಟ್ಟಿಂದ ಭಾಗಿಸು. ಭಾರ ನಡುಮಧ್ಯ ಇದ್ದಾಗ ರೋಪಿನ ಮೇಲಿನ ಎಳೆತ ಸುಮಾರಾಗಿ ಅಷ್ಟು. ನಂದು ಭಾರ ಬಿದ್ದ ಮೇಲೂ 10 ಅಡಿ ಮಾತ್ರ ಜೋಲ್ತಿತ್ತು, ಅಂದ್ರೆ 200 ಕೆಜಿ ದಿಮ್ಮಿಗೆ ರೋಪಲ್ಲಿ 1200 ಕೆಜಿ! ಅದೇ 24 ಅಡಿ ಜೋಲು ಬಿಟ್ರೆ 500 ಕೆಜಿ. 10 ಎಂಎಂ ರೋಪು ಹರಿಯೋದು ಐದು ಟನ್ನಿನ ಮೇಲೆ, ಆದ್ರೆ ಅದರಲ್ಲಿ ಐದನೇ ಒಂದು ಭಾಗ, ಅಂದ್ರೆ ಸುಮಾರು ಒಂದು ಟನ್ ಮಾತ್ರ ನಂದು ಅಂದ್ಕೋಬೇಕಂತೆ, ಜರ್ಕ್ ಹೊಡೆದಾಗ ಎಷ್ಟು ಬೀಳುತ್ತೆ ಅಂತ ಯಾರಿಗೂ ಗೊತ್ತಾಗಲ್ಲ.

ಕ್ಲಿಪ್ಪಲ್ಲೂ ತಪ್ಪಿತ್ತು. ಯು ಬೋಲ್ಟ್ ಇರೋ ಕಡೆ ಮಡಚಿದ ರೋಪಿನ ತುದಿ ಭಾಗದ ಮೇಲೆ ಬರಬೇಕು, ಹಲ್ಲಿರೋ ಸ್ಯಾಡಲ್ (ಯು ಬೋಲ್ಟ್ ಕೂರೋ ಕಬ್ಬಿಣದ ತುಂಡು) ಭಾರ ಹೊರೋ ಕಡೆಗೆ. ನಮ್ಮ ಹುಡುಗ್ರು ಒಂದು ಹೀಗೆ ಒಂದು ಹಾಗೆ ಹಾಕಿದ್ರು. ಮೂರೂ ಬಿಚ್ಚಿ ಒಂದೇ ದಿಕ್ಕಿಗೆ ಹಾಕಿ, ಒಂದು ದಿಮ್ಮಿ ತೂಗಿದ ಮೇಲೆ ಇನ್ನೊಂದ್ಸಲ ಸ್ಪ್ಯಾನರ್ ಕೊಟ್ವಿ, ಯಾಕಂದ್ರೆ ಭಾರ ಬಿದ್ರೆ ರೋಪು ಸ್ವಲ್ಪ ಸಣ್ಣ ಆಗುತ್ತೆ, ನಟ್ಟು ಸಡಿಲ ಆಗುತ್ತೆ. ಮರಕ್ಕೆ ನೇರ ರೋಪು ಸುತ್ತದೆ ಅಗಲದ ಬೆಲ್ಟ್ ಹಾಕಿದ್ವಿ, ಹಲಸಿನ ಸಿಪ್ಪೆ ಉಳೀತು.

ಇಷ್ಟಾದ ಮೇಲೆ ಕೆಲಸ ಓಡ್ತು. ನಾಲ್ಕು ಜನ, ದಿನಕ್ಕೆ 20ರ ಆಸುಪಾಸು ದಿಮ್ಮಿ. ಕೆಳಗೆ ಫೋನ್ ಸಿಗಲ್ಲ, ಅದಕ್ಕೆ ಪೀಪಿ: ಒಂದು ಊದಿದ್ರೆ ನಿಲ್ಸು, ಎರಡು ಊದಿದ್ರೆ ಎಳಿ. ವಿಂಚ್ ರೋಪು ರೋಡಲ್ಲಿ ಪುಲ್ಲಿ ಸುತ್ತಿ ತಿರುಗೋ ಕಡೆ ಒಳಮೂಲೇಲಿ ಯಾರೂ ನಿಲ್ಲಂಗಿಲ್ಲ ಅಂತ ಸುಣ್ಣದಲ್ಲಿ ಗೆರೆ ಎಳೆದಿದ್ದೆ. ಅಲ್ಲಿ ಪುಲ್ಲಿ ಕಿತ್ಕೊಂಡು ಬಂದ್ರೆ ಕವಣೆ ಕಲ್ಲೇ. ಗ್ಲೌಸ್ ಇಲ್ದೆ ರೋಪು ಮುಟ್ಟಬೇಡಿ, ಕಡಿದ ಎಳೆ ಮುಳ್ಳಿನ ತರ ಒಳಗೆ ಹೋಗುತ್ತೆ, ನನ್ನ ಎಡಗೈ ಹೆಬ್ಬೆರಳಲ್ಲಿ ಗುರುತು ಇನ್ನೂ ಇದೆ.

ಅರೇಬಿಕಾ ಕೊಯ್ಲು ಮುಗಿದ ಮೇಲೆ ಶುರು ಮಾಡಿ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಒಳಗೆ ಮುಗಿಸಬೇಕು ಅಂತಿತ್ತು. ಬಹುತೇಕ ಮುಗೀತು. ರೋಪಿಂದ ತುಂಬಾ ಅಡ್ಡಕ್ಕೆ ಬಿದ್ದಿದ್ದ ಆರು ದಿಮ್ಮಿ ಮಾತ್ರ ಆಗ್ಲಿಲ್ಲ, ಅಡ್ಡ ಎಳೆದ್ರೆ ಗಾಡಿಯ ಪುಲ್ಲಿ ರೋಪ್ ಬಿಟ್ಟು ಹೊರಗೆ ಬರುತ್ತೆ. ಅಷ್ಟರಲ್ಲಿ ಮಳೆ ಹಿಡೀತು. ಎರಡನ್ನ ಹಳ್ಳಕ್ಕೆ ಅಡ್ಡ ಹಾಕಿ ಸಂಕ ಮಾಡ್ಕೊಂಡ್ವಿ, ಉಳಿದ ನಾಲ್ಕು ಅಲ್ಲೇ ಬಿದ್ದಿವೆ.